ಎರಡನೇ ಸಲದ ಪಲ್ಯಕ್ಕೆ ದುಡ್ಡು

"ಈ ಆರು ಡಾಲರ್ ಯಾವುದಕ್ಕೋ?" ಕೊರಿಯನ್ ಹೋಟೆಲಿನ ಬಿಲ್ ನೋಡಿ ಅಮ್ಮ ಕೇಳಿದಳು. ಮೊಳಕೆ ಪಲ್ಯವನ್ನು ಎರಡನೇ ಸಲ ಕೇಳಿದ್ದೆವಲ್ಲ, ಅದಕ್ಕೆ. ಹೇಳಿದೆ. ಅಮ್ಮ ಮತ್ತೆ ಮಾತಾಡಲಿಲ್ಲ. ನನಗೆ ತುಂಬಾ ಬೇಜಾರಾಯಿತು. ಯಾಕೆಂದರೆ ಹಿಂದಿನ ರಾತ್ರಿಯಷ್ಟೇ ಹೇಳಿದ್ದೆ: "ಕೊರಿಯಾದವರೂ ನಮ್ಮ ಹಾಗೇ ಬಡಿಸ್ತಾರಮ್ಮ, ನಾಳೆ ನೋಡು."

ನಾನಿರುವುದು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ. ಇಲ್ಲಿನ ಎಲ್ ಕಮಿನೋ ರಿಯಲ್ ರಸ್ತೆಯಲ್ಲಿ ಕೊರಿಯನ್ ಬೋರ್ಡುಗಳಿಗೆ ಕೊರತೆಯಿಲ್ಲ. ಇಲ್ಲಿಗೆ ಬರುವ ಮುಂಚೆ ಕೆಲಸದ ಮೇಲೆ ಮೂರು ವರ್ಷ ಸೋಲ್ ಪಕ್ಕದ ಸುವಾನ್‌ನಲ್ಲಿದ್ದೆ. ಆ ಮೂರು ವರ್ಷ ನನ್ನನ್ನು ಸಾಕಿದ್ದು ಮನೆ ಹತ್ತಿರದ ಒಂದು ಸಣ್ಣ ಹೋಟೆಲು. ಎಂಟು ಟೇಬಲ್ ಇದ್ದಿರಬಹುದು. ಬಡಿಸುತ್ತಿದ್ದ ಹೆಂಗಸನ್ನು ಎಲ್ಲರೂ "ಇಮೋ" ಅಂತ ಕರೆಯುತ್ತಿದ್ದರು. ಅಂದರೆ ತಾಯಿಯ ಅಕ್ಕ ಅಥವಾ ತಂಗಿ. ನಾವು "ಅಕ್ಕಾ, ಇನ್ನೊಂಚೂರು ಸಾರು" ಅನ್ನುವುದಿಲ್ವಾ, ಹಾಗೆ.

ಕೂತ ತಕ್ಷಣ ಬಾರ್ಲಿ ಹುರಿದು ಕಾಯಿಸಿದ ನೀರು. ಅದರ ಹಿಂದೆಯೇ ಬಾನ್‌ಚಾನ್, ಅಂದರೆ ಅನ್ನದ ಜೊತೆಗಿನ ಸಣ್ಣ ಸಣ್ಣ ಬಟ್ಟಲುಗಳು. ಖಾರ ಹಾಕಿ ಹುದುಗಿಸಿದ ಕೋಸಿನ ಕಿಮ್ಚಿ, ಪಾಲಕ್, ಮೂಲಂಗಿ, ಸೋಯಾ ಮೊಳಕೆ. ಇವಕ್ಕೆ ಬೇರೆ ದುಡ್ಡಿಲ್ಲ. ಬಟ್ಟಲು ಖಾಲಿಯಾದರೆ ಮತ್ತೆ ತರುತ್ತಿದ್ದರು. ಇಮೋ ಎಷ್ಟೋ ಸಲ ಕೇಳದೆಯೇ ತಂದಿಟ್ಟಿದ್ದಾರೆ. ಹಳೆಯ ಪದ್ಧತಿಯಲ್ಲಿ ಊಟದ ಅಂತಸ್ತು ಅಳೆಯುತ್ತಿದ್ದದ್ದೇ ಈ ಬಟ್ಟಲುಗಳ ಲೆಕ್ಕದಲ್ಲಿ. 3, 5, 7, 9. ಅರಸನಿಗೆ 12.

ಅದನ್ನು ನೋಡಿದಾಗಲೆಲ್ಲ ನನಗೆ ನಮ್ಮ ಎಲೆ ನೆನಪಾಗುತ್ತಿತ್ತು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಪಲ್ಯ ಎಲ್ಲಾ ಮೊದಲೇ ಬಂದು ಕೂತಿರುತ್ತವೆ, ಅನ್ನ ಆಮೇಲೆ. ಅಲ್ಲಿಯವರು ಎದುರಿಗೆ ಸಿಕ್ಕರೆ "ಬಾಪ್ ಮೊಗೊಸ್ಸೊಯೊ?" ಅನ್ನುತ್ತಾರೆ. ನಮ್ಮ "ಊಟ ಆಯ್ತಾ?"ನೇ ಅದು. ಸೋಯಾ ಮೊಳಕೆ ಬೇಯಿಸಿದ ನೀರನ್ನೂ ಚೆಲ್ಲದೆ ಸೂಪು ಮಾಡುತ್ತಾರೆ. ಮೊಳಕೆ ಹುರುಳಿ ಬಸಿದ ಕಟ್ಟಿನಲ್ಲಿ ಬಸ್ಸಾರು ಮಾಡುವ ಮನೆಯಲ್ಲಿ ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಈ ಊಟವನ್ನೇ ಅಮ್ಮನಿಗೆ ತೋರಿಸಬೇಕಿತ್ತು. ಇಲ್ಲಿನ ಒಂದು ಕೊರಿಯನ್ ಹೋಟೆಲಿಗೆ ಹೋದದ್ದು ಸೋಮವಾರ, ಅಮ್ಮ ಅವತ್ತು ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪು ಹಾಕಿ ಹುದುಗಿಸಿದ ಸಿಗಡಿ ಬೀಳುತ್ತದೆ, ಹಾಗಾಗಿ ಅದೂ ಬೇಡ ಅಂದೆ. ಇಬ್ಬರಿಗೂ ದೋಲ್‌ಸೋತ್ ಬಿಬಿಂಬಾಪ್, ಅಂದರೆ ಮೇಲೆ ಹಾಕಿದ್ದನ್ನೆಲ್ಲ ಕಲಸಿ ತಿನ್ನುವ ಅನ್ನ ಹೇಳಿದೆ, ಬರೀ ತರಕಾರಿಯದು. ಇದು ಕಾದ ಕಲ್ಲಿನ ಬಟ್ಟಲಲ್ಲಿ ಬರಬೇಕು. ದೂರದಿಂದಲೇ ಚುರ್ ಅನ್ನುವ ಸದ್ದು ಕೇಳಿಸಬೇಕು. ತಿನ್ನುತ್ತಾ ಹೋದ ಹಾಗೆ ಅನ್ನ ತಳ ಹಿಡಿದು ಗರಿಗರಿಯಾಗುತ್ತದೆ. ಅದನ್ನು ಚಮಚದಿಂದ ಕೆರೆದು ತಿನ್ನುವುದೇ ಅದರ ರುಚಿ. ಪಾತ್ರೆಗೆ ಹತ್ತಿದ ಅನ್ನಕ್ಕೆ ನಾವು ಅಣ್ಣ ತಮ್ಮಂದಿರು ಜಗಳ ಆಡುತ್ತಿದ್ದೆವಲ್ಲ, ಅದನ್ನು ಅಮ್ಮನಿಗೆ ನೆನಪಿಸಬೇಕು ಅಂತಲೇ ಆಸೆಪಟ್ಟಿದ್ದೆ. ಬಂದ ಬಟ್ಟಲನ್ನು ಬರಿಗೈಯಲ್ಲಿ ಹಿಡಿಯಬಹುದಿತ್ತು. ಸದ್ದೂ ಇಲ್ಲ, ಹೊಗೆಯೂ ಇಲ್ಲ. ತಳದಲ್ಲಿ ಅನ್ನ ಒದ್ದೆ ಮುದ್ದೆಯಾಗಿತ್ತು.

ಬಾನ್‌ಚಾನ್ ಮೂರೇ ಮೂರು. ಮೊಳಕೆ ಎರಡು ತುತ್ತಿಗೆ ಮುಗಿಯಿತು. ಅಮ್ಮನಿಗೆ ಹಿಡಿಸಿದ್ದು ಅದೊಂದೇ, ಎಳ್ಳೆಣ್ಣೆಯ ಘಮ ಚೆನ್ನಾಗಿದೆ ಅಂದಳು. ಇನ್ನೊಂದು ಸಲ ಕೇಳಿದೆ. ಹುಡುಗಿ ತಂದುಕೊಟ್ಟಳು. ದುಡ್ಡಾಗುತ್ತದೆ ಅಂತ ಬಾಯಿಬಿಟ್ಟು ಹೇಳಲೂ ಇಲ್ಲ.

ಆರು ಡಾಲರ್ ನನಗೆ ದೊಡ್ಡದಲ್ಲ. ಇಲ್ಲಿ ಬಾಡಿಗೆ ಜಾಸ್ತಿ, ಸಂಬಳ ಜಾಸ್ತಿ, ಹೋಟೆಲ್ ನಡೆಸುವುದು ಸುಲಭವಲ್ಲ. ಊಟದ ರೇಟನ್ನೇ ಆರು ಡಾಲರ್ ಏರಿಸಿದ್ದರೆ ತುಟಿ ಪಿಟಕ್ಕೆನ್ನದೆ ಕೊಡುತ್ತಿದ್ದೆ. ಆದರೆ ಎರಡನೇ ಸಲ ಬಡಿಸಿದ್ದನ್ನು ಎಣಿಸಬಾರದು. ಎಣಿಸಿದ ಗಳಿಗೆಗೆ ಉಣ್ಣುವವನ ಕೈ ಹಿಂದೆ ಸರಿಯುತ್ತದೆ. ಅಮ್ಮನ ಕೈ ಸರಿದದ್ದನ್ನು ನಾನು ನೋಡಿದೆ. ಬಿಲ್ ಬಂದ ಮೇಲೆ ತಟ್ಟೆಯಲ್ಲಿ ಉಳಿದಿದ್ದ ನಾಲ್ಕು ಎಳೆ ಮೊಳಕೆಯನ್ನು ಆಕೆ ತಿನ್ನಲೇ ಇಲ್ಲ.

ಕೊರಿಯಾದಲ್ಲೂ ಇದು ಸಣ್ಣ ವಿಷಯವಲ್ಲ. 2010ರಲ್ಲಿ ಮಳೆ ಕೆಟ್ಟು ಕಿಮ್ಚಿಗೆ ಹಾಕುವ ಉದ್ದನೆಯ ಕೋಸಿನ ಬೆಲೆ ಗಗನಕ್ಕೇರಿದಾಗ ಕೆಲವು ಹೋಟೆಲ್‌ಗಳು ಕಿಮ್ಚಿಗೆ ಬೇರೆ ದುಡ್ಡು ಕೇಳಿದವು. ದೇಶವೇ ಅದನ್ನು ಮಾತಾಡಿತು. ನಮ್ಮಲ್ಲಿ ಈರುಳ್ಳಿ ಬೆಲೆ ಏರಿದರೆ ಆಗುವ ಗದ್ದಲವೇ. ಆಗಿನ ಅಧ್ಯಕ್ಷ ಲೀ ಮ್ಯುಂಗ್ ಬಾಕ್, ನನ್ನ ಊಟಕ್ಕೆ ಆ ಕೋಸಿನ ಬದಲು ಮಾಮೂಲಿ ಗುಂಡು ಎಲೆಕೋಸಿನ ಕಿಮ್ಚಿ ಮಾಡಿ ಅಂದು, ಅದೇನು ಅಗ್ಗವೇ ಅಂತ ಜನರಿಂದ ಬೈಸಿಕೊಂಡರು.

ಕೇಳಿದಷ್ಟೂ ಕೊಟ್ಟರೆ ದಂಡವಾಗುತ್ತದೆ ಅಂತ ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಸುವಾನ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಮಿಕ್ಕ ಊಟ ಹಾಕುವ ಡಬ್ಬಿಯಿತ್ತು. ಕಾರ್ಡ್ ತೋರಿಸಿದರೆ ಮುಚ್ಚಳ ತೆರೆಯುತ್ತಿತ್ತು, ಹಾಕಿದ್ದನ್ನು ತೂಕ ಮಾಡಿ ನಮ್ಮ ಲೆಕ್ಕಕ್ಕೆ ದುಡ್ಡು ಬರೆಯುತ್ತಿತ್ತು. ದಂಡ ಮಾಡುವುದಕ್ಕೆ ಅಷ್ಟು ಹೆದರುವ ಜನರೇ ಮತ್ತೆ ಮತ್ತೆ ಬಡಿಸುವುದನ್ನು ಉಳಿಸಿಕೊಂಡಿದ್ದಾರೆ. ಸಣ್ಣ ಬಟ್ಟಲಿನ ಗುಟ್ಟೇ ಅದು. ಮೊದಲು ಸ್ವಲ್ಪ ಹಾಕು, ಬೇಕಾದವನು ಕೇಳಲಿ. ನಮ್ಮ ಪಂಕ್ತಿಯಲ್ಲೂ ಪಲ್ಯದ ಬಕೆಟ್ ಎರಡನೇ ಸುತ್ತು ಬರುತ್ತದೆ ಅಂತ ಗೊತ್ತಿರುವುದರಿಂದಲೇ ಮೊದಲ ಸಲ "ಸಾಕು, ಸಾಕು" ಅನ್ನುತ್ತೇವೆ.

ಕೊರಿಯನ್ನರನ್ನು ಮಾತ್ರ ದೂರುವುದೂ ತಪ್ಪಾಗುತ್ತದೆ. ಕಳೆದ ಸಲ ಬೆಂಗಳೂರಿಗೆ ಹೋದಾಗ ಒಂದು ಹೋಟೆಲಿನ ಕೌಂಟರ್ ಮೇಲೆ ಎಕ್ಸ್‌ಟ್ರಾ ಸಾಂಬಾರಿಗೆ ದುಡ್ಡು ಕೊಡಬೇಕು ಅಂತ ಬರೆದಿದ್ದರು. ಅದನ್ನು ಓದಿದಾಗಲೂ ಇಷ್ಟೇ ಸಂಕಟವಾಗಿತ್ತು.

ಮನೆಗೆ ಬರುವಾಗ ಕೊರಿಯನ್ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಸೋಯಾ ಮೊಳಕೆ ತಗೊಂಡೆವು. ಅಮ್ಮ ಅದನ್ನು ಬೇಯಿಸಿ, ನೀರು ಬಸಿದು, ಬೆಳ್ಳುಳ್ಳಿ, ಕಾಯಿ, ಒಣಮೆಣಸು ರುಬ್ಬಿ ಬಸ್ಸಾರು ಮಾಡಿದಳು. ಮೊಳಕೆಗೆ ಒಂದು ಒಗ್ಗರಣೆ. ನಾನು ಬಡಿಸಲು ನಿಂತೆ. ಎರಡನೇ ಸಲ ಪಲ್ಯ ಹಾಕಲು ಹೋದಾಗ ತಟ್ಟೆಗೆ ಕೈ ಅಡ್ಡ ಹಿಡಿದಳು. ಆಮೇಲೆ ಕೈ ತೆಗೆದಳು.