ಕಾರೇ ಇಲ್ಲ, ಇನ್ಶೂರೆನ್ಸ್ ಯಾತಕ್ಕೆ ಅಂದ ನಮ್ ಗೆಳೆಯ

ಹಾಸನದ ಕಡೆಯ ಗೆಳೆಯ ಒಬ್ಬ ಇದಾನೆ, ಇಲ್ಲೇ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಲಿ ಕೆಲ್ಸ. ಹೆಸ್ರು ಬೇಡ ಬಿಡಿ, ಅವ್ನೂ ಇದನ್ನ ಓದ್ತಾನೆ. ಒಂದಿನ ಪಾರ್ಟಿ ಮುಗಿಸ್ಕೊಂಡು "ಏನೂ ಆಗಲ್ಲ ಬಾರೋ" ಅಂತ ಕಾರ್ ಹತ್ತಿದೋನು ಡಿಯುಐಲಿ, ಅಂದ್ರೆ ಕುಡಿದು ಓಡಿಸಿದ ಕೇಸಲ್ಲಿ, ಸಿಕ್ಕಾಕ್ಕೊಂಡ. ರಕ್ತದಲ್ಲಿ ಆಲ್ಕೋಹಾಲ್ ಲಿಮಿಟ್ ಇಲ್ಲಿ ಶೇಕಡ 0.08, ನಮ್ಮೂರಲ್ಲಿ 0.03, ಕಾಗದದ ಮೇಲೆ ನಮ್ ಕಾನೂನೇ ಬಿಗಿ! ಲಾಯರು, ಕೋರ್ಟು, ಕ್ಲಾಸು, ಎಲ್ಲದಕ್ಕೂ ದುಡ್ಡು ಸುರಿದು ಕೊನೆಗೆ ಕಾರನ್ನೇ ಮಾರ್ಬಿಟ್ಟ.

ಲೈಸೆನ್ಸ್ ವಾಪಸ್ ಬೇಕು ಅಂತ ಹೋದ್ರೆ ಡಿಎಂವಿಯೋರು (ಇಲ್ಲಿನ ಆರ್‌ಟಿಓ ಅನ್ಕೊಳಿ) ಎಸ್‌ಆರ್-22 ತಗೊಂಬಾ ಅಂದ್ರು. ಅದೇನು ಇನ್ಶೂರೆನ್ಸ್ ಅಲ್ಲ, ಈ ಮನುಷ್ಯನಿಗೆ ಪಾಲಿಸಿ ಇದೆ ಅಂತ ಕಂಪನಿಯೋರೇ ಡಿಎಂವಿಗೆ ಕಳಿಸೋ ಒಂದು ಫಾರಂ ಅಷ್ಟೆ. ಸಾಮಾನ್ಯವಾಗಿ ಮೂರು ವರ್ಷ ಇಟ್ಕೋಬೇಕು. ಇವನು ರಾತ್ರಿ ಫೋನ್ ಮಾಡಿ "ಕಾರೇ ಇಲ್ವಲ್ಲೋ, ಯಾತಕ್ಕೆ ಇನ್ಶೂರೆನ್ಸ್ ಮಾಡಿಸ್ಲಿ, ನನ್ ತಲೆಗಾ?" ಅಂದ. ಹೂಂ ಕಣೋ, ನಿನ್ ತಲೆಗೇ ಅಂದೆ. ತಮಾಷೆಗೆ ಅಂದಿದ್ದು, ಆದ್ರೆ ವಿಷ್ಯ ಅದೇ. ಅದಕ್ಕೆ ನಾನ್-ಓನರ್ ಪಾಲಿಸಿ ಅಂತಾರೆ, ಕಾರಿಗಲ್ಲ, ಓಡಿಸೋನಿಗೆ. ಮನೇಲಿ ಬೇರೆ ಯಾರದ್ದಾದ್ರೂ ಕಾರಿದ್ದು ದಿನಾ ಅದನ್ನೇ ಓಡಿಸ್ತೀಯ ಅಂದ್ರೆ ಮಾತ್ರ ಸಾಮಾನ್ಯವಾಗಿ ಕೊಡಲ್ಲ.

ಈಗ ನನ್ ಹೊಟ್ಟೆಉರಿ ಕೇಳಿ. ಲೈಸೆನ್ಸ್ ಬಂದ್ಮೇಲೆ ಒಂದ್ಸಲ ನನ್ ಕಾರ್ ತಗೊಂಡೋಗಿ ಇಂಡಿಯನ್ ಅಂಗಡಿ ಪಾರ್ಕಿಂಗಲ್ಲಿ ರಿವರ್ಸ್ ಹಾಕುವಾಗ ನಿಂತಿದ್ದ ಕಾರಿಗೆ ಗುದ್ದಿದ. "ಟೆನ್ಷನ್ ಬೇಡ ಮಗಾ, ನನ್ ಪಾಲಿಸಿ ಇದೆ" ಅಂದ. ಎಲ್ಲಿ ಬಂತು? ಮೊದ್ಲು ಕಾರ್ ಓನರ್ ಇನ್ಶೂರೆನ್ಸು ಕೊಡ್ಬೇಕು, ಅದು ಸಾಲದೇ ಹೋದ್ರೆ ಮಾತ್ರ ಅವನದ್ದು. ಆ ಕಾರಿನ ರಿಪೇರಿ ನನ್ ಪಾಲಿಸಿಲೇ ಮುಗೀತು. ನನ್ ಬಂಪರ್‌ಗೆ ಅವನ ಪಾಲಿಸಿಲಿ ನಯಾಪೈಸೆ ಇಲ್ಲ, ಯಾಕಂದ್ರೆ ಅದು ಎದುರಿನೋರ ನಷ್ಟಕ್ಕೆ ಮಾತ್ರ, ಓಡಿಸ್ತಿರೋ ಕಾರಿಗೂ ಇಲ್ಲ, ಓಡಿಸೋನ ಆಸ್ಪತ್ರೆ ಖರ್ಚಿಗೂ ಇಲ್ಲ. ನನ್ ಪಾಲಿಸಿಲಿ ಡಿಡಕ್ಟಿಬಲ್, ಅಂದ್ರೆ ಕ್ಲೇಮಲ್ಲಿ ನಾವೇ ಹಾಕ್ಬೇಕಾದ ಪಾಲು, ಕಟ್ಟಿದ್ದು ನಾನು. ಅವನು ಬಿರಿಯಾನಿ ಕೊಡಿಸ್ದ.

ಇಷ್ಟಾದ್ರೂ ಓಡಿಸೋನಿಗೇ ಇನ್ಶೂರೆನ್ಸ್ ಅನ್ನೋ ಈ ಪದ್ಧತಿ ಪರವೇ ನಾನು. ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ ಕವರೇಜು 1967ರಿಂದ ಒಬ್ಬರಿಗೆ ಪೆಟ್ಟಾದ್ರೆ 15 ಸಾವಿರ ಡಾಲರ್ ಅಂತಲೇ ಇತ್ತು, 2025ರ ಜನವರಿಲಿ 30 ಸಾವಿರ ಆಯ್ತು. ಇಲ್ಲಿನ ಆಸ್ಪತ್ರೆ ಬಿಲ್ ಮುಂದೆ ಅದೂ ಕಡ್ಲೆಪುರಿ, ಆದ್ರೂ ಏನೋ ಒಂದಿದೆ. ಮುಖ್ಯ ಏನಂದ್ರೆ ಕುಡಿದಿದ್ದು ಮನುಷ್ಯ, ಕಾರಲ್ಲ. ಕಾರ್ ಮಾರಿದ್ರೂ ಆ ರೆಕಾರ್ಡ್ ಅವನ ಹಿಂದೆನೇ ಬರುತ್ತೆ, ಗುಡ್ ಡ್ರೈವರ್ ಡಿಸ್ಕೌಂಟು ಹತ್ತು ವರ್ಷ ಕನಸು.

ನಮ್ ದೇಶದಲ್ಲಿ ಪೂರ್ತಿ ಉಲ್ಟಾ. ಥರ್ಡ್ ಪಾರ್ಟಿ ಗಾಡಿಗೆ ಅಂಟ್ಕೊಂಡಿರುತ್ತೆ. ಭಾವಮೈದ ಕುಡಿದು ನಿಮ್ ಕಾರಲ್ಲಿ ಯಾರಿಗೋ ಗುದ್ದಿದ ಅಂದ್ಕೊಳಿ, ಕೋರ್ಟು ಎಷ್ಟೋ ಸಲ ಕಂಪನಿ ಮೊದ್ಲು ಪರಿಹಾರ ಕೊಡ್ಲಿ, ಆಮೇಲೆ ಓನರ್ ಹತ್ರ ವಸೂಲಿ ಮಾಡ್ಕೊಳ್ಲಿ ಅನ್ನುತ್ತೆ. ಓನರ್ ಯಾರು, ನೀವು! 2021ರಲ್ಲಿ ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಸಂಸ್ಥೆ ಐಆರ್‌ಡಿಎಐ ಸಮಿತಿಯೊಂದು ಟ್ರಾಫಿಕ್ ತಪ್ಪಿಗೆ ಪಾಯಿಂಟ್ ಹಾಕಿ ಪ್ರೀಮಿಯಂ ಜಾಸ್ತಿ ಮಾಡೋಣ ಅಂದಿತ್ತು, ಅದ್ರಲ್ಲಿ ಕುಡಿದು ಓಡಿಸೋದಕ್ಕೇ 100 ಪಾಯಿಂಟು. ಒಳ್ಳೆ ಐಡಿಯಾನೇ, ಆದ್ರೆ ಪಾಯಿಂಟು ಲೈಸೆನ್ಸಿಗೆ ಬೀಳ್ಬೇಕೇ ಹೊರತು ಗಾಡಿಗಲ್ಲ. ದಿನಕ್ಕೊಂದು ಗಾಡಿ ಓಡಿಸೋ ಆಕ್ಟಿಂಗ್ ಡ್ರೈವರ್ ಕುಡಿದ್ರೆ ಯಾವ ಗಾಡಿಗೆ ಹಾಕ್ತೀರಿ?

ಇಲ್ಲಿರೋರಿಗೆ ಒಂದ್ಮಾತು, ಆ ಎಸ್‌ಆರ್-22 ಫಾರಂ ಇಟ್ಕೊಂಡಿದ್ರೆ ಪಾಲಿಸಿ ಕಂತು ಮಾತ್ರ ತಪ್ಪಿಸ್ಬೇಡಿ. ಪಾಲಿಸಿ ನಿಂತ್ರೆ ಕಂಪನಿ ಸೀದಾ ಡಿಎಂವಿಗೆ ಹೇಳುತ್ತೆ, ಲೈಸೆನ್ಸ್ ಮತ್ತೆ ಸಸ್ಪೆಂಡು.

ಮೊನ್ನೆ ಏರ್‌ಪೋರ್ಟಿಗೆ ಹೋಗ್ಬೇಕು ಕೀ ಕೊಡೋ ಅಂದ. ಕೊಡ್ಲಿಲ್ಲ, ಬೆಳಗ್ಗೆ ನಾಲ್ಕಕ್ಕೆ ಎದ್ದು ನಾನೇ ಬಿಟ್ಟು ಬಂದೆ.