ಈ ಪುಸ್ತಕವನ್ನು ಎಲ್ಲರೂ ಓದಲೇಬೇಕು

ಮಂಡ್ಯ ಜಿಲ್ಲೆಯ ಮಕ್ಕಳಿಗೆ ಹಿಡಿಸದ ಪುಸ್ತಕವೆಂಬುದು ಈವರೆಗೆ ಅಚ್ಚಾಗಿಲ್ಲ. ಶಾಲೆಗಳಲ್ಲಿ, ಸಂಘಗಳ ವೇದಿಕೆಗಳಲ್ಲಿ ನಡೆಯುವ ‘ನಾನು ಓದಿದ ಪುಸ್ತಕ’ ಎಂಬ ಕಾರ್ಯಕ್ರಮಗಳಿಗೆ ಹೋಗಿ ಕುಳಿತು ಬಂದವರು ಯಾರೇ ಆದರೂ ಈ ತೀರ್ಮಾನಕ್ಕೆ ಬರದೆ ಗತ್ಯಂತರವಿಲ್ಲ. ಇಲ್ಲಿಯ ಮಗು ಯಾವ ಪುಸ್ತಕವನ್ನು ಕೈಗೆತ್ತಿಕೊಂಡರೂ ಅದರ ಭಾಷೆ ಸರಳವಾಗಿರುತ್ತದೆ, ಶೈಲಿ ಸುಂದರವಾಗಿರುತ್ತದೆ, ಮುಖಪುಟ ಆಕರ್ಷಕವಾಗಿರುತ್ತದೆ, ಕೊನೆಯಲ್ಲಿ ತಪ್ಪದೆ ಒಂದು ನೀತಿ ಇರುತ್ತದೆ ಮತ್ತು ಅದನ್ನು ಎಲ್ಲರೂ ಓದಲೇಬೇಕಾಗಿರುತ್ತದೆ. ಕಥೆಯ ಪುಸ್ತಕಕ್ಕೂ ಇದೇ ಅಭಿಪ್ರಾಯ, ವಿಜ್ಞಾನದ ಪುಸ್ತಕಕ್ಕೂ ಇದೇ ಅಭಿಪ್ರಾಯ, ಹೇಗೋ ಮಕ್ಕಳ ಪುಸ್ತಕಗಳ ನಡುವೆ ಸೇರಿಕೊಂಡಿದ್ದ ಕುರಿ ಸಾಕಾಣಿಕೆಯ ಕೈಪಿಡಿಗೂ ಇದೇ ಅಭಿಪ್ರಾಯ. ಕಾವೇರಿ ನೀರಿನ ವಿಷಯವೊಂದನ್ನು ಬಿಟ್ಟರೆ ಇಷ್ಟು ಗಟ್ಟಿಯಾದ ಒಮ್ಮತವನ್ನು ಈ ಜಿಲ್ಲೆ ಬೇರಾವುದರಲ್ಲೂ ಕಂಡಿಲ್ಲ.

ಈ ಒಮ್ಮತದ ಹಿಂದೆ ದೊಡ್ಡವರ ದುಡಿಮೆ ಬಹಳವಿದೆ. ಮಗು ಪುಸ್ತಕವನ್ನು ಮುಂಚಿತವಾಗಿ ಓದಿ ಕೆಟ್ಟುಹೋಗದಂತೆ ನೋಡಿಕೊಳ್ಳುವುದೇ ಅದರಲ್ಲಿ ಮೊದಲನೆಯ ಕೆಲಸ. ಅದಕ್ಕಾಗಿಯೇ ಅನೇಕ ಶಾಲೆಗಳಲ್ಲಿ ಪುಸ್ತಕಗಳು ಮುಖ್ಯೋಪಾಧ್ಯಾಯರ ಕೊಠಡಿಯ ಕಬ್ಬಿಣದ ಬೀರುವಿನೊಳಗೆ ಭದ್ರವಾಗಿರುತ್ತವೆ. ದಾಸ್ತಾನು ವಹಿಯಲ್ಲಿ ನಮೂದಾಗಿರುವ ಪುಸ್ತಕವೊಂದು ಮಗುವಿನ ಚೀಲ ಸೇರಿ, ಅಲ್ಲಿ ಉಪ್ಪಿನಕಾಯಿ ಎಣ್ಣೆಯ ಸಹವಾಸದಲ್ಲಿ ಒಂದು ವಾರ ಕಳೆದು, ಮೂಲೆ ಮಡಿಸಿಕೊಂಡು ಹಿಂದಿರುಗಿದರೆ ತಪಾಸಣೆಗೆ ಬಂದವರ ಮುಂದೆ ನಿಂತು ಉತ್ತರ ಹೇಳಬೇಕಾದವರು ಶಿಕ್ಷಕರೇ ಹೊರತು ಆ ಮಗುವಲ್ಲ. ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಬಂದಾಗ ಮಾತ್ರ ಬೀರುವಿನ ಬಾಗಿಲು ಕಿರುಗುಟ್ಟುತ್ತದೆ. ಪುಸ್ತಕಗಳು ಬಿಳಿ ಬಟ್ಟೆ ಹಾಸಿದ ಬೆಂಚುಗಳ ಮೇಲೆ ಸಾಲಾಗಿ ಕುಳಿತುಕೊಳ್ಳುತ್ತವೆ. ಮಕ್ಕಳು ಕೈಕಟ್ಟಿಕೊಂಡು ಅವುಗಳ ಮುಂದೆ ಸಾಗುತ್ತಾರೆ. ಪುಸ್ತಕಗಳಿರುವುದು ಉಪಯೋಗಕ್ಕಾಗಿ ಎಂಬುದನ್ನು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದನ್ನಾಗಿ ಇಟ್ಟರು. ಉಪಯೋಗವೆಂದರೆ ಓದುವುದು ಎಂದು ಆ ಮಹನೀಯರು ಭಾವಿಸಿದ್ದಂತೆ ತೋರುತ್ತದೆ. ಪ್ರದರ್ಶನವೂ ಒಂದು ಉಪಯೋಗವೇ ಎಂಬುದು ಹೊಳೆಯಲು ನಮ್ಮಂಥವರೇ ಹುಟ್ಟಿಬರಬೇಕಾಯಿತು.

ಎರಡನೆಯ ಕೆಲಸ ಮಗುವಿನ ಅಭಿಪ್ರಾಯವನ್ನು ಬರೆಯುವುದು. ಇದನ್ನು ಸಾಮಾನ್ಯವಾಗಿ ತಾಯಿ, ತಪ್ಪಿದರೆ ಟ್ಯೂಷನ್ ಮೇಡಂ, ತೀರ ಬಿಡುವಿಲ್ಲದ ಮನೆಗಳಲ್ಲಿ ಈಗೀಗ ಮೊಬೈಲು ಮಾಡಿಕೊಡುತ್ತದೆ. ಗೆರೆ ಹಾಕಿದ ಹಾಳೆ, ಎಡಗಡೆ ಪೆನ್ಸಿಲಿನಲ್ಲಿ ಎಳೆದ ಅಂಚು, ನೀಲಿ ಶಾಯಿಯಲ್ಲಿ ಮಾತು, ಕೆಂಪು ಶಾಯಿಯಲ್ಲಿ ಅಭಿನಯದ ಸೂಚನೆ: ಇದು ಅಂಥ ಅಭಿಪ್ರಾಯದ ಸಿದ್ಧ ಸ್ವರೂಪ. ಮಂಡ್ಯದ ಸಭಾಂಗಣವೊಂದರಲ್ಲಿ ನಾಲ್ಕನೇ ತರಗತಿಯ ಹುಡುಗನೊಬ್ಬ, ಮೈಸೂರು ಪೇಟ ಧರಿಸಿ ಧ್ವನಿವರ್ಧಕದ ಮುಂದೆ ನಿಂತವನು, ‘ಅಜ್ಜನ ಸಾವಿನ ಪ್ರಸಂಗವು ನನ್ನ ಹೃದಯವನ್ನು ಕಲಕಿತು, ಇಲ್ಲಿ ಕಣ್ಣೊರೆಸಿಕೋ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಂದುವರಿದ. ಸಭೆಯಲ್ಲಿ ನಾಲ್ಕಾರು ಮಂದಿ ವಿಧೇಯತೆಯಿಂದ ಕಣ್ಣೊರೆಸಿಕೊಂಡರು. ಕೆಂಪು ಶಾಯಿಯನ್ನೂ ಬಿಡದೆ ಕಂಠಪಾಠ ಮಾಡಿದ ಅವನ ನಿಷ್ಠೆಯನ್ನು ಮೆಚ್ಚಿದ ತೀರ್ಪುಗಾರರು ಅವನಿಗೆ ದ್ವಿತೀಯ ಸ್ಥಾನವನ್ನು ಕೊಟ್ಟರು. ಪ್ರಥಮ ಸ್ಥಾನ ಪಡೆದವಳು ನಿಜವಾಗಿಯೂ ಅತ್ತಿದ್ದಳು.

ತೀರ್ಪುಗಾರರ ಅಂಕಪಟ್ಟಿಯನ್ನು ನೋಡುವ ಭಾಗ್ಯ ನನಗೆ ಒದಗಿತ್ತು. ಸ್ಪಷ್ಟ ಉಚ್ಚಾರಣೆಗೆ ಹತ್ತು, ಹಾವಭಾವಕ್ಕೆ ಹತ್ತು, ಸಭಾಕಂಪನವಿಲ್ಲದಿರುವುದಕ್ಕೆ ಹತ್ತು, ಉಡುಪಿಗೆ ಐದು, ಸಮಯಪಾಲನೆಗೆ ಐದು. ಪುಸ್ತಕ ಓದಿದ್ದಕ್ಕೆ ಅಂಕವಿರಲಿಲ್ಲ. ಅದನ್ನು ಕೇಳಿದ್ದಕ್ಕೆ ಆಯೋಜಕರು, ‘ಓದಿದಾರೋ ಇಲ್ಲವೋ ನಮಗೆ ಹೆಂಗ್ ಗೊತ್ತಾಗಬೇಕು ಹೇಳಿ ಸಾರ್, ಬಟ್ಟೆ ಆದ್ರೆ ಕಣ್ಣಿಗೆ ಕಾಣುತ್ತೆ’ ಎಂದರು. ಈ ವಾದದಲ್ಲಿ ದೋಷ ಹುಡುಕುವುದು ಕಷ್ಟ. ಸಮಯಪಾಲನೆಯ ಐದು ಅಂಕಗಳ ವಿಚಾರವೂ ಹಾಗೆಯೇ: ಮುಖ್ಯ ಅತಿಥಿಗಳು ಓದಿನ ಮಹತ್ವವನ್ನು ಕುರಿತು ಒಂದು ಗಂಟೆಗೂ ಮೀರಿ ಮಾತನಾಡಿ, ಅದರಲ್ಲಿ ತಮ್ಮ ಬಾಲ್ಯದ ಬೀದಿದೀಪವನ್ನು ಸಾಕಷ್ಟು ಹೊತ್ತು ಉರಿಸಿದ ಮೇಲೆ, ಉಳಿದ ಹೊತ್ತಿನಲ್ಲಿ ಸಾಲುಗಟ್ಟಿ ನಿಂತ ಮಕ್ಕಳೆಲ್ಲರೂ ಮುಗಿಯಬೇಕಾದರೆ ಮಗುವೊಂದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಕೊಡಲಾಗದು. ಎರಡು ನಿಮಿಷದಲ್ಲಿ ವೇದಿಕೆಯ ಮೇಲಿರುವವರೆಲ್ಲರಿಗೂ ನಮಸ್ಕಾರ ಹೇಳಿ ಮುಗಿಸಿದರೆ ಅಭಿಪ್ರಾಯಕ್ಕೆ ಉಳಿಯುವುದು ಸುಮಾರು ಇಪ್ಪತ್ತು ಸೆಕೆಂಡು. ‘ಎಲ್ಲರೂ ಓದಲೇಬೇಕು’ ಎನ್ನಲು ಅಷ್ಟು ಬೇಕಾದಷ್ಟಾಯಿತು.

ಮಗುವಿಗೆ ಅಭಿಪ್ರಾಯವಿರುತ್ತದೆ ಎಂಬ ಗುಮಾನಿ ಜಗತ್ತಿಗೆ ಮೊದಲೇ ಇತ್ತು. ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಗು ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಬಹುದು, ಅದರ ವಯಸ್ಸಿಗೂ ಪ್ರಬುದ್ಧತೆಗೂ ತಕ್ಕಂತೆ ಆ ಮಾತಿಗೆ ಮನ್ನಣೆ ದೊರೆಯಬೇಕು ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ, ಮತ್ತು 1992ರಲ್ಲಿ ಭಾರತವೂ ಅದನ್ನು ಒಪ್ಪಿಕೊಂಡಿದೆ. ನಮ್ಮ ಹಳ್ಳಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗಳಲ್ಲಿ ಈ ವಿಧಿಯ ಹೆಸರು ಕೇಳಿಲ್ಲದ ಮಕ್ಕಳೇ ಎದ್ದು ನಿಂತು, ಶಾಲೆಯ ಶೌಚಾಲಯಕ್ಕೆ ನೀರು ಯಾವಾಗ ಬರುತ್ತದೆ, ಚರಂಡಿಯ ಮೇಲೆ ಹಾಸುಗಲ್ಲು ಯಾವಾಗ ಬೀಳುತ್ತದೆ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ನೇರವಾಗಿ ಕೇಳುವುದುಂಟು. ಚರಂಡಿಯ ವಿಷಯದಲ್ಲಿ ಇಷ್ಟು ಖಚಿತವಾಗಿ ಮಾತನಾಡುವ ಮಗು ಪುಸ್ತಕದ ಮುಂದೆ ಬಂದೊಡನೆ ವಂದನಾರ್ಪಣೆಯ ಧಾಟಿಗೆ ಇಳಿಯುವುದಾದರೆ, ಆ ತರಬೇತಿಯ ಕೀರ್ತಿ ನಮಗೇ ಸಲ್ಲಬೇಕು.

ಊಟದ ವಿಷಯದಲ್ಲಿ ಈ ಜಿಲ್ಲೆ ಯಾರ ದಾಕ್ಷಿಣ್ಯಕ್ಕೂ ಒಳಗಾದದ್ದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1974 ಮತ್ತು 1994ರ ಬಳಿಕ ಮೂರನೆಯ ಬಾರಿಗೆ, 2024ರ ಡಿಸೆಂಬರಿನಲ್ಲಿ, ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮಂಡ್ಯಕ್ಕೆ ಬಂದಾಗ ಬಾಡೂಟ ಬೇಕೋ ಬೇಡವೋ ಎಂಬ ಬಗ್ಗೆ ನಾಡಿಗೆ ನಾಡೇ ಅಭಿಪ್ರಾಯ ಮಂಡಿಸಿತು. ಗೋಷ್ಠಿಗಳಲ್ಲಿ ಯಾವ ಪುಸ್ತಕದ ಮಾತು ಬಂತೆಂದು ಕೇಳಿದರೆ ತಲೆ ಕೆರೆದುಕೊಳ್ಳುವವರೂ ಆ ಚರ್ಚೆಯ ಎರಡೂ ಪಕ್ಷಗಳ ವಾದವನ್ನು ಇಂದಿಗೂ ಒಪ್ಪಿಸಬಲ್ಲರು. ಶಾಲೆಯ ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವೂ ಇದೆ. ಮಕ್ಕಳಿಗೆಂದು ಬರೆದ ಪುಸ್ತಕವನ್ನು ಕೊಳ್ಳುವ ಮೊದಲು ಯಾರಾದರೂ ರುಚಿ ನೋಡಬೇಕೆಂಬ ನಿಯಮ ಇದ್ದಂತೆ ಕಾಣುವುದಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದ ಮಗುವನ್ನು ಯಾರೂ ನಕಾರಾತ್ಮಕ ಮನೋಭಾವದವಳು ಎಂದು ಕರೆಯುವುದಿಲ್ಲ. ಕಥೆಗೆ ಉಪ್ಪು ಕಡಿಮೆಯಾಗಿದೆ ಎಂದರೆ ಪೋಷಕರನ್ನು ಕರೆಸುತ್ತಾರೆ.

ಮಕ್ಕಳ ಸಾಹಿತ್ಯವೆಂಬ ಇಡೀ ಏರ್ಪಾಡಿನಲ್ಲಿ ಮಕ್ಕಳಿಗೆ ಬಿಟ್ಟಿರುವುದು ಚಪ್ಪಾಳೆಯೊಂದನ್ನೇ. ಬರೆಯುವವರು ದೊಡ್ಡವರು, ಮುನ್ನುಡಿ ಬರೆಯುವವರು ಇನ್ನೂ ದೊಡ್ಡವರು, ಆಯ್ಕೆ ಸಮಿತಿಯಲ್ಲಿ ಕುಳಿತು ಸಗಟು ಖರೀದಿಗೆ ಮುದ್ರೆ ಒತ್ತುವವರು ಎಲ್ಲರಿಗಿಂತ ದೊಡ್ಡವರು. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರವನ್ನು ಕೊಡುತ್ತ ಬಂದಿದೆ. ಐವತ್ತು ಸಾವಿರ ರೂಪಾಯಿಯ ಆ ಗೌರವ ಯಾವ ಪುಸ್ತಕಕ್ಕೆ ಹೋಗಬೇಕೆಂಬುದನ್ನು ತೀರ್ಮಾನಿಸುವವರು ಕೂಡ ಬಾಲ್ಯವನ್ನು ಬಹಳ ಹಿಂದೆ ದಾಟಿ ಬಂದ ಹಿರಿಯರೇ. ಯಾರನ್ನೂ ದೂರುವಂತಿಲ್ಲ. ಹತ್ತು ವರ್ಷದವರನ್ನು ತೀರ್ಪುಗಾರರನ್ನಾಗಿ ಕೂರಿಸಿದರೆ ಅವರು ಪುಸ್ತಕವನ್ನು ಓದಿಬಿಡುವ ಅಪಾಯವಿದೆ, ಮತ್ತು ಬೇಸರ ಬಂದ ಪುಟದಲ್ಲಿ ನಿಲ್ಲಿಸಿ, ನಿಲ್ಲಿಸಿದ್ದೇವೆ ಎಂದು ಎಲ್ಲರ ಮುಂದೆ ಹೇಳಿಬಿಡುವ ಅಪಾಯವೂ ಇದೆ.

ಈ ಅಪಾಯವನ್ನು ಸರ್ಕಾರವೇ ಒಂದು ಬದಿಯಿಂದ ಬೆಳೆಸುತ್ತಿದೆ ಎಂಬುದು ಕಳವಳದ ಸಂಗತಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದೊಳಗಿನ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವವನ್ನು ಉಚಿತವಾಗಿ ಕೊಡಲಾಯಿತು. ಅದರ ಪರಿಣಾಮವಾಗಿ ಕೆಲವು ಊರುಗಳಲ್ಲಿ ಮಕ್ಕಳು ಸಂಜೆಯ ಹೊತ್ತು ಚಾಪೆಯ ಮೇಲೆ ಬೋರಲು ಮಲಗಿಕೊಂಡು, ಯಾವ ಸಪ್ತಾಹವೂ ಇಲ್ಲದ ದಿನಗಳಲ್ಲಿ, ಯಾರೂ ಹೇಳದೆ, ಯಾರೂ ಫೋಟೋ ತೆಗೆಯದೆ, ಪುಸ್ತಕ ಓದುತ್ತಿರುವುದು ಕಂಡುಬರುತ್ತಿದೆ. ಹೀಗೆ ಓದಿದವರಿಗೆ ಅಭಿಪ್ರಾಯ ಬರುತ್ತದೆ. ಅದನ್ನು ತಡೆಯುವ ಲಸಿಕೆ ಇನ್ನೂ ಸಿದ್ಧವಾಗಿಲ್ಲ.

ಮೈಸೂರು ಪೇಟದ ಹುಡುಗ ಕಣ್ಣೊರೆಸದೆ ಇಳಿದುಹೋದ ಅದೇ ಸಭೆಯಲ್ಲಿ ಈ ಮಾತಿಗೆ ಸಾಕ್ಷಿ ಸಿಕ್ಕಿತು. ಪಾಂಡವಪುರದ ಕಡೆಯ ಹಳ್ಳಿಯೊಂದರಿಂದ ಬಂದಿದ್ದ ಆರನೇ ತರಗತಿಯ ಹುಡುಗಿಯ ಸರದಿ ಬಂದಾಗ ಅವಳ ಕೈಯಲ್ಲಿ ಹಾಳೆ ಇರಲಿಲ್ಲ, ಪುಸ್ತಕವಿತ್ತು. ಅದರ ಮಧ್ಯೆ ಗುರುತಿಗೆಂದು ಒಣಗಿದ ಕಬ್ಬಿನ ಸೋಗೆಯ ಚೂರು ಇಣುಕುತ್ತಿತ್ತು. ಬಡ ರೈತನೊಬ್ಬ ಛಲದಿಂದ ಕಬ್ಬು ಬೆಳೆದು, ಸಾಲ ತೀರಿಸಿ, ಮಗನನ್ನು ಓದಿಸುವ ನೀತಿಕಥೆ ಅದು. ಅದನ್ನು ಬರೆದವರು ವೇದಿಕೆಯ ಮೇಲೆಯೇ ಆಸೀನರಾಗಿದ್ದರು. ಅವಳು ಯಾರಿಗೂ ನಮಸ್ಕಾರ ಹೇಳದೆ ನೇರವಾಗಿ ವಿಷಯಕ್ಕೆ ಬಂದಳು.

‘ಯುಗಾದಿಗೆ ನೆಟ್ಟ ಕಬ್ಬ ದಸರಾಕ್ಕೆ ಕಡ್ದವ್ರೆ ಸಾ. ಆರು ತಿಂಗ್ಳಿಗೆ ಎಲ್ಲಿ ಕಬ್ಬು ಬಂದದು? ಕೂಳೆ ಕಬ್ಬಾದ್ರೂ ಅಷ್ಟು ಬಿರ್ನೆ ಬರಕಿಲ್ಲ, ಇದು ಹೊಸ ನಾಟಿ ಅಂತ ಅವ್ರೇ ಬರ್ದವ್ರೆ. ಬೆಲ್ಲ ಕಾಯ್ಸೋದು ಚೆಂದಾಗಿ ಬರ್ದವ್ರೆ, ಅದು ನಂಗೆ ಇಷ್ಟ ಆಯ್ತು. ಆಮೇಲೆ ಎರಡು ಪುಟ ಬರೀ ಬುದ್ಧಿವಾದ ಸಾ, ಅದ ಬಿಟ್ಟು ಮುಂದಕ್ಕೆ ಹೋದೆ.’

ಜಿಲ್ಲೆಯ ಕಬ್ಬಿಗೆ ನೀರುಣಿಸುವ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ನೀರು ಕುಡಿದು ಬೆಳೆದವರೇ ತುಂಬಿದ್ದ ಸಭೆಯಲ್ಲಿ ಮೊದಲಿಗೆ ನಗು ಹೊಮ್ಮಿತು, ಆಮೇಲೆ ಹಿಂದಿನ ಸಾಲಿನ ರೈತರೊಬ್ಬರು ‘ದಿಟ ಕಣವ್ವ’ ಎಂದದ್ದು ಎಲ್ಲರಿಗೂ ಕೇಳಿಸಿತು. ಜೊತೆಗೆ ಬಂದಿದ್ದ ಶಿಕ್ಷಕಿ ಪಕ್ಕದಿಂದ, ‘ಭಾಷೆ ಸರಳವಾಗಿದೆ ಅನ್ನವ್ವ, ಭಾಷೆ ಸರಳವಾಗಿದೆ ಅನ್ನು’ ಎಂದು ಪಿಸುಗುಟ್ಟಿ ಮಗುವನ್ನು ಉಳಿಸಲು ಯತ್ನಿಸಿದರು. ತೀರ್ಪುಗಾರರು ತಲೆಗೆ ತಲೆ ಸೇರಿಸಿದರು. ಉಚ್ಚಾರಣೆ ಗ್ರಾಮ್ಯ, ಹಾವಭಾವ ಶೂನ್ಯ, ವಂದನೆ ಇಲ್ಲ, ಉಡುಪು ಸಮವಸ್ತ್ರ. ಸಮಯಪಾಲನೆಯಲ್ಲಿ ಮಾತ್ರ ಪೂರ್ಣ ಅಂಕ, ಏಕೆಂದರೆ ಅವಳು ಅರ್ಧ ನಿಮಿಷದಲ್ಲಿ ಮುಗಿಸಿದ್ದಳು. ಪುಸ್ತಕದಲ್ಲಿ ತಪ್ಪು ಕಂಡುಹಿಡಿದದ್ದನ್ನು ಯಾವ ಶೀರ್ಷಿಕೆಯ ಕೆಳಗೆ ಕಳೆಯಬೇಕೆಂಬ ಬಗ್ಗೆ ಸ್ವಲ್ಪ ಹೊತ್ತು ಚರ್ಚೆ ನಡೆದು, ಕೊನೆಗೆ ಸಭಾಕಂಪನವಿಲ್ಲದಿರುವಿಕೆಯಲ್ಲಿ ಕಳೆದರು. ಕಂಪನ ಇಷ್ಟೂ ಇಲ್ಲದಿರುವುದು ಒಳ್ಳೆಯದಲ್ಲವೆಂದು ಅವರ ಅಭಿಮತ.

ಲೇಖಕರು ದೊಡ್ಡ ಮನಸ್ಸಿನವರು. ತಮ್ಮ ಭಾಷಣದಲ್ಲಿ ಅವರು ಈ ಆಕ್ಷೇಪಕ್ಕೆ ಸಾವಧಾನವಾಗಿ ಉತ್ತರಿಸಿ, ಸಾಹಿತ್ಯದ ಕಬ್ಬನ್ನು ಹೊಲದ ಕಬ್ಬಿನಂತೆ ನೋಡಬಾರದೆಂದೂ ತಾವು ಬೆಳೆದದ್ದು ಸಾಂಕೇತಿಕ ಕಬ್ಬೆಂದೂ ಅದು ಮನುಷ್ಯನ ಛಲಕ್ಕೆ ತಕ್ಕಂತೆ ಬೇಗ ಮಾಗುತ್ತದೆಂದೂ ವಿವರಿಸಿದಾಗ ವೇದಿಕೆಯಲ್ಲಿ ದೀರ್ಘ ಕರತಾಡನವಾಯಿತು. ಚಪ್ಪಾಳೆ ನಿಂತ ಮೇಲೆ ಉಪ್ಪಿಟ್ಟಿನ ಸಾಲಿನಲ್ಲಿ ನಿಂತಿದ್ದ ಆ ಹುಡುಗಿ ಅಲ್ಲಿಂದಲೇ ಕೈಯೆತ್ತಿ, ‘ಅದಕ್ಕೆ ಫ್ಯಾಕ್ಟ್ರಿಯೋರು ಟನ್ನಿಗೆ ಎಷ್ಟು ಕೊಟ್ಟಾರು ಸಾ?’ ಎಂದು ಕೇಳಿದಳು. ಪ್ರಶ್ನೋತ್ತರಕ್ಕೆ ಕಾರ್ಯಕ್ರಮಪಟ್ಟಿಯಲ್ಲಿ ಅವಕಾಶವಿಲ್ಲವೆಂದು ನಿರೂಪಕರು ತಿಳಿಸಿ ರಾಷ್ಟ್ರಗೀತೆಗೆ ಎಲ್ಲರನ್ನೂ ಎಬ್ಬಿಸಿದರು.

ಅವಳಿಗೆ ಸಮಾಧಾನಕರ ಬಹುಮಾನವಾಗಿ ಅದೇ ಲೇಖಕರ ಅದೇ ಪುಸ್ತಕದ ಎರಡನೆಯ ಭಾಗವನ್ನು ಕೊಟ್ಟರು. ಅದರಲ್ಲಿ ನಾಯಕ ಭತ್ತ ಬೆಳೆಯುತ್ತಾನೆ. ಬಸ್ಸಿಗೆಂದು ಗೇಟಿನ ಬಳಿ ಕಾಯುತ್ತ ನಿಂತವಳು ಆಗಲೇ ಅದರ ಹಾಳೆಗಳನ್ನು ತಿರುವಿ, ಎಡಗೈಯ ಬೆರಳುಗಳ ಮೇಲೆ ತಿಂಗಳು ಎಣಿಸಿ, ಪಕ್ಕದಲ್ಲಿದ್ದ ಗೆಳತಿಗೆ ಹೇಳುತ್ತಿದ್ದಳು: ‘ಇಲ್ಲೂ ಕೆಡಿಸವ್ರೆ ಕಣೆ.’