ಆಲೆಮನೆ ಹಿಂದಿನ ಹೊಂಡ ಮತ್ತು ಒಂದು ಪಿಎಚ್‌ಡಿ ಅರ್ಜಿ

ಹದಿನೈದು ದಿನದ ಹಿಂದೆ ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಮೈಸೂರಿನ ನಮ್ಮ ಮನೆಗೆ ಬಂದಿದ್ದಳು. ಪಾಂಡವಪುರದ ಕಡೆಯ ಹುಡುಗಿ, ಪರಿಸರ ವಿಜ್ಞಾನದಲ್ಲಿ ಎಂಎಸ್ಸಿ. ಪಿಎಚ್‌ಡಿಗೆ ಅರ್ಜಿ ಹಾಕಬೇಕು, ಪ್ರಸ್ತಾವನೆ ನೋಡಿಕೊಡಿ ಅಂದಳು. ಹನ್ನೆರಡು ಪುಟ. ಶೀರ್ಷಿಕೆ ‘ಭಾರತದ ಜೀವವೈವಿಧ್ಯದ ಮೇಲೆ ಹವಾಮಾನ ಬದಲಾವಣೆಯ ಪರಿಣಾಮ’. ಹಿಮಾಲಯ ಇತ್ತು, ಹವಳದ ದಿಬ್ಬ ಇತ್ತು, ಸುಂದರಬನ ಇತ್ತು. ಅವಳು ಕಣ್ಣಾರೆ ಕಂಡ ಒಂದು ಗಿಡ, ಒಂದು ಹುಳು ಆ ಹನ್ನೆರಡು ಪುಟದಲ್ಲಿ ಇರಲಿಲ್ಲ.

ಕಾಗದ ಪಕ್ಕಕ್ಕಿಟ್ಟು, ಊರಲ್ಲಿ ಈಗ ಏನು ಕೆಲಸ ನಡೀತಿದೆ ಅಂತ ಕೇಳಿದೆ.

“ಆಲೆಮನೆ ಮೇಡಮ್. ಕಬ್ಬು ಅರೀತಾವ್ರೆ.”

“ಕೊಪ್ಪರಿಗೆ ತೊಳೆದ ನೀರು ಎಲ್ಲಿಗೆ ಹೋಗುತ್ತೆ?”

“ಹಿಂದ್ಗಡೆ ಹೊಂಡಕ್ಕೆ. ತುಂಬುದ್ರೆ ನಾಲೆಗೆ. ಆವಾಗ ಮೀನೆಲ್ಲ ಮ್ಯಾಕ್ ಬಂದು ಬಾಯ್ ಬಾಯ್ ಬಿಡ್ತವೆ. ಅದುಕ್ಕೇ ನಮ್ಮಪ್ಪ ನಾಲೇಲಿ ನೀರ್ ಹರಿವಾಗ ಮಾತ್ರ ಹೊಂಡ ಬಿಡದು. ಯಾಕ್ ಮೇಡಮ್, ಇದೆಲ್ಲ ಪಿಎಚ್‌ಡಿಗೆ ಆಯ್ತದಾ?”

ಆಗುತ್ತೆ ಕಣವ್ವ. ಇದೇ ಆಗೋದು.

ಯೋಚಿಸಿ ನೋಡಿ. ಆ ಹೊಂಡದ ನೀರಿನಲ್ಲಿ ಸಕ್ಕರೆ ಅಂಶ ಇರುತ್ತದೆ. ಅದು ನಾಲೆಗೆ ಬಿದ್ದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ಹೆಚ್ಚುತ್ತಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಮೀನು ಉಸಿರಿಗೆ ಮೇಲೆ ಬರುತ್ತದೆ. ಆಮ್ಲಜನಕ ಕಮ್ಮಿ ಇರುವ ಕೆಸರಿನಲ್ಲೂ ಬದುಕುವ ಕೆಂಪು ಹುಳುಗಳಿವೆ, ಅವುಗಳ ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದಲೇ ಆ ಕೆಂಪು. ಯಾವ ಹುಳು ಎಲ್ಲಿ ಸಿಗುತ್ತದೆ ಅಂತ ಎಣಿಸುತ್ತಾ ಹೋದರೆ ನಾಲೆಯ ಆರೋಗ್ಯ ಗೊತ್ತಾಗುತ್ತದೆ. ನಮ್ಮ ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿ ಬೇರೆ ಇದೆ, ಇಷ್ಟು ದಿನ ನೀರು ಬಿಡುತ್ತಾರೆ, ಇಷ್ಟು ದಿನ ನಿಲ್ಲಿಸುತ್ತಾರೆ. ಹರಿಯುವಾಗ ಏನಾಗುತ್ತದೆ, ನಿಂತಾಗ ಏನಾಗುತ್ತದೆ ಎಂದು ಹೋಲಿಸಿ ನೋಡುವ ಪ್ರಯೋಗವನ್ನು ಕೆಆರ್‌ಎಸ್ಸೇ ಮಾಡಿಕೊಡುತ್ತಿದೆ. ಆ ಹುಡುಗಿಯ ಅಪ್ಪನಿಗೆ ಇದರ ಅರ್ಧ ಉತ್ತರ ಆಗಲೇ ಗೊತ್ತು.

ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನಮ್ಮ ಮಂಡ್ಯ, ಮೈಸೂರಿನ ಕಡೆ ಪಿಎಚ್‌ಡಿ ಅಂದ ಕೂಡಲೇ ಮೊದಲ ಮಾತು “ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಆಯ್ತಾ?”, ಎರಡನೆಯದು “ಗೈಡ್ ಸಿಕ್ಕಿದ್ರಾ?”. ವಿಷಯ? “ಅದು ಗೈಡ್ ಕೊಡ್ತಾರೆ.” ಈ ಸರದಿ ತಿರುವುಮುರುವಾಗಿದೆ ಅನ್ನೋದು ನನ್ನ ಖಚಿತ ಅಭಿಪ್ರಾಯ. ಐದಾರು ವರ್ಷ ನೀವು ಜೊತೆಗೆ ಮಲಗಿ ಜೊತೆಗೆ ಏಳಬೇಕಾದ ಪ್ರಶ್ನೆ ಅದು. ಅದನ್ನು ಬೇರೆಯವರ ಕೈಯಿಂದ ಇಸ್ಕೊಂಡರೆ ಎರಡನೇ ವರ್ಷಕ್ಕೇ ಸುಸ್ತಾಗುತ್ತೀರಿ.

ನನಗೂ ಮೊದಲ ಸಲ ಸೀಟು ಸಿಗಲಿಲ್ಲ. ಸಂದರ್ಶನದಲ್ಲಿ ಒಬ್ಬರು ಮೆತ್ತಗೆ ಕೇಳಿದರು, “ಈ ಮಾದರಿಗಳನ್ನ ಎಲ್ಲಿಂದ ತರ್ತೀಯಮ್ಮ?” ಉತ್ತರ ಇರಲಿಲ್ಲ. ಹೊರಗೆ ಬಂದು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಅಳುತ್ತಾ ನಡೆದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಹಸಿರುಗಟ್ಟಿದ ನೀರು, ದಿನಾ ಓಡಾಡುವ ದಾರಿ. ಮುಂದಿನ ವರ್ಷ ಆ ಹಸಿರಿನ ಬಗ್ಗೆಯೇ ಬರೆದೆ. ಸೀಟು ಸಿಕ್ಕಿತು.

ನೆಟ್ ಬೇಡ ಅಂತ ಹೇಳುತ್ತಿಲ್ಲ, ಖಂಡಿತ ಬರೆಯಿರಿ. ಜೀವವಿಜ್ಞಾನದವರಿಗೆ ಸಿಎಸ್‌ಐಆರ್ ನೆಟ್, ಪರಿಸರ ವಿಜ್ಞಾನದವರಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನೆಟ್. ಮೊದಲಿನದರಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಎರಡನೆಯದರಲ್ಲಿ ಇಲ್ಲ. ನೆಟ್‌ನಲ್ಲಿ ಮೇಲಿನ ಅಂಕ ಬಂದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್ ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಸಾಲ ಮಾಡಿ ಓದಿಸಿದ ಮನೆಗೆ ಅದು ಸಣ್ಣ ಮಾತಲ್ಲ. ಜೆಆರ್‌ಎಫ್ ಬರಲಿಲ್ಲ ಅಂತ ಕೈಚೆಲ್ಲಿ ಕೂರಬೇಡಿ, 2024ರಿಂದ ನೆಟ್‌ನಲ್ಲಿ ಪಿಎಚ್‌ಡಿ ಪ್ರವೇಶಕ್ಕೆಂದೇ ಇನ್ನೊಂದು ವರ್ಗ ಇದೆ. ಅದರಲ್ಲಿ ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30. ಆ ಮೂವತ್ತರಲ್ಲಿ ನಿಮ್ಮನ್ನು ಕಾಯುವುದು ನಿಮ್ಮ ಪ್ರಶ್ನೆಯೇ. ಜರ್ಮನಿ, ನೆದರ್‌ಲ್ಯಾಂಡ್ಸ್ ಕಡೆ ಪಿಎಚ್‌ಡಿ ಜಾಗಗಳನ್ನು ಬಹುತೇಕ ಕೆಲಸದ ಹಾಗೆ ಜಾಹೀರಾತು ಕೊಟ್ಟು ತುಂಬುತ್ತಾರೆ, ವಿಷಯ ಮೊದಲೇ ಗೊತ್ತುಮಾಡಿರುತ್ತಾರೆ. ಅಲ್ಲಿಗೆ ಬರೆಯುವವರೂ ‘ಈ ವಿಷಯ ನನಗೆ ಯಾಕೆ’ ಅನ್ನೋದನ್ನು ಹೇಳಲೇಬೇಕು.

ಗೈಡ್ ವಿಚಾರ. ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರೊಫೆಸರ್ ಒಂದು ಹೊತ್ತಿಗೆ ಎಂಟು ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು, ಅಸೋಸಿಯೇಟ್ ಆದರೆ ಆರು, ಅಸಿಸ್ಟೆಂಟ್ ಆದರೆ ನಾಲ್ಕು. ಜಾಗ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಒಂದೇ ಕಾಗದವನ್ನು ನಲವತ್ತು ಜನಕ್ಕೆ ಕಳಿಸಬೇಡಿ. ಒಬ್ಬರ ಮೂರ್ನಾಲ್ಕು ಲೇಖನ ಕೂತು ಓದಿ, ಅವರು ಬಿಟ್ಟ ಜಾಗದಲ್ಲಿ ನಿಮ್ಮ ಊರು ಎಲ್ಲಿ ಕೂರುತ್ತದೆ ಅಂತ ಹತ್ತು ಸಾಲಿನಲ್ಲಿ ಬರೆಯಿರಿ. ಅಂಥ ಪತ್ರಕ್ಕೆ ಉತ್ತರ ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಮಾತು. “ಆರು ವರ್ಷವಾ? ಮದುವೆ ಯಾವಾಗ?” ಅಂತ ಅಡ್ಡ ನಿಲ್ಲಬೇಡಿ. ಅದೇ ನಿಯಮದಲ್ಲಿ ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚು ಕಾಲಾವಕಾಶ ಇದೆ, 240 ದಿನದವರೆಗೆ ಹೆರಿಗೆ ರಜೆ ಇದೆ. ಈ ದಾರಿಯನ್ನು ಕಾನೂನೇ ತೆರೆದಿಟ್ಟಿದೆ. ಎಂಎಸ್ಸಿಯಲ್ಲಿ ಚಿನ್ನದ ಪದಕ ತಗೊಂಡ ಮಕ್ಕಳು ಅರ್ಜಿ ಫಾರಂ ತುಂಬುವ ಹೊತ್ತಿಗೆ ಮಾಯವಾಗುವುದನ್ನು ನೋಡಿ ನೋಡಿ ನನ್ನ ಹೊಟ್ಟೆ ಉರಿದಿದೆ.

ಇಂಗ್ಲಿಷ್ ಬರಲ್ಲ ಅಂತ ಹಿಂಜರಿಯುವವರಿಗೆ ಹೇಳುತ್ತೇನೆ, ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಬರೆಯಿರಿ. ನಿಮ್ಮ ಮನೆಯಲ್ಲಿ ಓದಿ ಹೇಳಿ. ಅವರಿಗೆ ಅರ್ಥವಾಗಿ, ತಿರುಗಿ ಒಂದು ಪ್ರಶ್ನೆ ಕೇಳಿದರೆ ನಿಮ್ಮ ಹತ್ತಿರ ವಿಷಯ ಇದೆ. ಆಮೇಲೆ ಇಂಗ್ಲಿಷಿಗೆ ತಿರುಗಿಸಲು ನಾವಿದ್ದೇವೆ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆ ಮುಂದಿನ ಮರದಲ್ಲೇ ಗೂಡು ಕಟ್ಟುತ್ತವೆ. ಬೆಲ್ಲದ ಬಣ್ಣಕ್ಕೆ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕುವವರಿದ್ದಾರೆ, ಬೆಂಡೆ ಗಿಡದ ಲೋಳೆಯಿಂದ ಕೊಳೆ ತೆಗೆಯುವವರೂ ಇದ್ದಾರೆ. ಇವುಗಳ ಮಧ್ಯೆ ಬೆಳೆದವರಿಗೆ ವಿಷಯದ ಬರವೇ?

ಮೊನ್ನೆ ಭಾನುವಾರ ಅವಳ ಊರಿಗೆ ಹೋಗಿದ್ದೆ, ನೀರಿನಲ್ಲಿ ಕರಗಿದ ಆಮ್ಲಜನಕ ಪರೀಕ್ಷಿಸುವ ಬಿಒಡಿ ಬಾಟಲಿ, ರಾಸಾಯನಿಕ ತಗೊಂಡು. ಕಟ್ಟು ಮುಗಿದು ನಾಲೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು, ಹೊಂಡ ತುಂಬಿ ತಾನೇ ಹರಿದಿತ್ತು. ಹೊಂಡದ ನೀರು ಸೇರುವ ಜಾಗದಿಂದ ಮೇಲೆ ಒಂದು ಬಾಟಲಿ, ಕೆಳಗೆ ಒಂದು ಬಾಟಲಿ, ಒಂದು ಗುಳ್ಳೆಯೂ ಉಳಿಯದ ಹಾಗೆ ತುಂಬಿದಳು. ಮ್ಯಾಂಗನೀಸ್ ಸಲ್ಫೇಟ್ ಬಿಟ್ಟು, ಕ್ಷಾರೀಯ ಅಯೊಡೈಡ್ ಬಿಟ್ಟು, ಮುಚ್ಚಿ ಅಲ್ಲಾಡಿಸಿದಳು. ಆಮ್ಲಜನಕ ಇದ್ದರೆ ಕಂದು ಗಸಿ ಇಳಿಯಬೇಕು. ಮೇಲಿನ ಬಾಟಲಿಯಲ್ಲಿ ಇಳಿಯಿತು. ಕೆಳಗಿನದರಲ್ಲಿ ಬೆಳ್ಳಗೆ, ಒಡೆದ ಹಾಲಿನ ಹಾಗೆ.

ಅವಳಪ್ಪ ಪಂಚೆಗೆ ಕೈ ಒರೆಸಿಕೊಂಡು ಬಂದು ಎರಡೂ ಬಾಟಲಿ ಬಿಸಿಲಿಗೆ ಎತ್ತಿ ಹಿಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಮಗಳನ್ನು ಕೇಳಿದರು, “ಹಂಗಾರೆ ಇಲ್ಲಿಂದ ಎಷ್ಟ್ ದೂರದ್ ಗಂಟ ಹಿಂಗೇ ಬೆಳ್ಳಗಿರ್ತದವ್ವ?”

ಅವಳ ಹೊಸ ಪ್ರಸ್ತಾವನೆಯ ಮೊದಲ ಸಾಲು ಈಗ ಅದೇ.